ಎರಡು ಸ್ಪೀಕರ್ ಇಟ್ಟೆ, ಅಮ್ಮನಿಗೆ ಮಾತೇ ತಿಳಿಯಲಿಲ್ಲ

ಹೋಮ್ ಥಿಯೇಟರ್ ಇಟ್ಟುಕೊಂಡವರದ್ದೆಲ್ಲ ಒಂದೇ ಗೋಳು. ಫೈಟು ಬಂದರೆ ಕಿಟಕಿ ಗಾಜು ಅದುರುತ್ತದೆ, ಮಾತು ಬಂದರೆ ‘ಏನಂದ?’ ಅಂತ ಪಕ್ಕದವರನ್ನು ಕೇಳಬೇಕು. ಮಾತು ಬರುವುದು ಬಹುಪಾಲು ಟಿವಿ ಕೆಳಗಿನ ಸೆಂಟರ್ ಸ್ಪೀಕರಿನಿಂದ. ಒಂದರ ಬದಲು ಎರಡಿದ್ದರೆ ಜೋರಾಗುತ್ತೆ ಅಲ್ವಾ? ಒಂದೇ ಮಾದರಿಯ ಎರಡು ಪೆಟ್ಟಿಗೆಗಳನ್ನು ಪಕ್ಕಪಕ್ಕ ಕೂರಿಸಿದೆ. ಸೋಫಾ ನಡುವೆ ಕೂತ ನನಗೆ ಭರ್ಜರಿಯಾಗಿ ಕೇಳಿಸಿತು. ಒಂದು ಮೀಟರ್ ಆಚೆ ಕುರ್ಚಿಯಲ್ಲಿದ್ದ ಅಮ್ಮ, ‘ಇವನೇನು ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು ಮಾತಾಡ್ತಾನಾ?’ ಅಂದಳು.

ತಪ್ಪು ಅಮ್ಮನ ಕಿವಿಯದ್ದಲ್ಲ. ಟೇಪು ಹಿಡಿದು ಅಳೆದೆ. ಎರಡು ಸ್ಪೀಕರ್‌ಗಳ ನಡುವೆ 30 ಸೆಂ.ಮೀ., ಸೋಫಾ ಇರುವುದು 3 ಮೀಟರ್ ದೂರದಲ್ಲಿ. ನನಗೆ ಎರಡೂ ಅಷ್ಟೇ ದೂರ, ಎರಡರ ಅಲೆಯೂ ಒಟ್ಟಿಗೆ ಬಂದು ಕೂಡಿಕೊಳ್ಳುತ್ತವೆ. ಅಮ್ಮನ ಕುರ್ಚಿಗೆ ಮಾತ್ರ ಒಂದು ಸ್ಪೀಕರ್ ಇನ್ನೊಂದಕ್ಕಿಂತ ಸುಮಾರು 9.5 ಸೆಂ.ಮೀ. ದೂರ. ಇಷ್ಟರಲ್ಲಿ ಏನಾಗುತ್ತೆ ಅನ್ನಬೇಡಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಹಾಗಾಗಿ 1,800 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 1,800 ಸಲ ಕಂಪಿಸುವ ಅಲೆಯ ಉದ್ದ 19 ಸೆಂ.ಮೀ. ಅದರ ಅರ್ಧವೇ ಈ 9.5. ಅಂದರೆ ಒಂದರ ಅಲೆ ಏರುವ ಹೊತ್ತಿಗೆ ಇನ್ನೊಂದರದ್ದು ಇಳಿಯುತ್ತಿರುತ್ತದೆ, ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. 5,400 ಹರ್ಟ್ಸ್ ಹತ್ತಿರ ಮತ್ತೆ ಅದೇ ಕತೆ. ಗೋಡೆಗೆ ಬಡಿದು ಬರುವ ಶಬ್ದ ಹೀಗೆ ಬಿದ್ದ ಹಳ್ಳವನ್ನು ಸ್ವಲ್ಪ ತುಂಬುತ್ತದೆ, ಪೂರ್ತಿ ಅಲ್ಲ.

ಈಗ ನೋಡಿ, ಕ, ತ, ಸ ಇಂಥ ವ್ಯಂಜನಗಳ ಗುರುತು ಇರುವುದೇ ಆ ಕೀಚಲು ಕಂಪನಗಳಲ್ಲಿ. 100 ಹರ್ಟ್ಸ್‌ನ ಅಲೆಯಾದರೋ ಮೂರೂವರೆ ಮೀಟರ್ ಉದ್ದ, ಅದಕ್ಕೆ 9.5 ಸೆಂ.ಮೀ. ಲೆಕ್ಕಕ್ಕೇ ಇಲ್ಲ, ಎಲ್ಲಿ ಕೂತರೂ ಕೂಡಿಕೊಳ್ಳುತ್ತದೆ. ಹಾಗಾಗಿ ದನಿ ದಪ್ಪಗಾಗುತ್ತದೆ, ಅಕ್ಷರ ಕರಗುತ್ತದೆ. ಎಲೆಅಡಿಕೆ ಅಂದದ್ದು ಸರಿಯಾಗೇ ಇತ್ತು.

ನಗು ಬರುವ ವಿಷಯ ಅಂದ್ರೆ, ಸೆಂಟರ್ ಬೇಕಾಗುವುದೇ ಬದಿಯಲ್ಲಿ ಕೂತವರಿಗೆ. ಎಡ ಬಲ ಎರಡೇ ಇದ್ದರೂ ನಡುವೆ ಕೂತವನಿಗೆ ಮಾತು ಪರದೆಯ ಮಧ್ಯದಿಂದಲೇ ಬಂದಂತೆ ಕೇಳುತ್ತದೆ. ಬದಿಯವರಿಗೆ ಹತ್ತಿರದ ಸ್ಪೀಕರಿಗೆ ವಾಲಿಬಿಡುತ್ತದೆ. 1933ರ ಏಪ್ರಿಲ್ 27ರಂದು ಅಮೆರಿಕದ ಟೆಲಿಫೋನ್ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನವರು ಫಿಲಡೆಲ್ಫಿಯಾದ ವಾದ್ಯಗೋಷ್ಠಿಯನ್ನು ಟೆಲಿಫೋನ್ ತಂತಿಯ ಮೇಲೆ ವಾಷಿಂಗ್ಟನ್ನಿಗೆ ಕಳಿಸಿ ಸಭೆಗೆ ಕೇಳಿಸಿದಾಗಲೇ ನಡುವೆ ಒಂದು ಸೇರಿ ಮೂರು ಚಾನೆಲ್ ಇಟ್ಟಿದ್ದರು.

ವೈರಿಂಗ್‌ನಲ್ಲೂ ಒಂದು ತಮಾಷೆ ಇದೆ. 8 ಓಮ್‌ನ (ಓಮ್ ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಎರಡು ಸ್ಪೀಕರನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು ಹಾಕಿದರೆ ಪ್ರತಿಯೊಂದಕ್ಕೂ ಅರ್ಧ ವೋಲ್ಟೇಜ್ ಮಾತ್ರ ಸಿಗುತ್ತದೆ, ಒಟ್ಟು ಜೋರು ಮೊದಲಿನಷ್ಟೇ. ದುಡ್ಡು ದಂಡ. ಪ್ಯಾರಲಲ್, ಅಂದರೆ ಎರಡನ್ನೂ ನೇರವಾಗಿ ಆಂಪ್ಲಿಫೈಯರಿಗೆ ಹಾಕಿದರೆ ನೇರ ಎದುರಿಗೆ 6 ಡೆಸಿಬಲ್ ಜಾಸ್ತಿ, ಆದರೆ ಆಂಪ್ಲಿಫೈಯರ್ ಎದುರಿಸಬೇಕಾದದ್ದು 4 ಓಮ್, ಅಂದರೆ ಅದರ ಮೇಲೆ ಹೊರೆ ಹೆಚ್ಚು. ಅದು ತಡೆಯುತ್ತೋ ಇಲ್ಲವೋ ಅಂತ ಹಿಂಬದಿಯಲ್ಲಿ ಬರೆದಿರುತ್ತದೆ, ಓದಿ. ಪ್ಲಸ್ಸು ಮೈನಸ್ಸು ಒಂದರಲ್ಲಿ ಅದಲು ಬದಲಾದರೆ ನಡುವೆ ಕೂತವನಿಗೂ ಮಾತು ಮಾಯ.

ಹಾಗಾದರೆ ಎರಡು ಬೇಡವೇ ಬೇಡವಾ? ಬೇಕಿದ್ದರೆ ಒಂದರ ಮೇಲೊಂದು ಇಡಿ. ಎಡಕ್ಕೆ ಬಲಕ್ಕೆ ಎಷ್ಟೇ ಸರಿದು ಕೂತರೂ ಕಿವಿಯ ಎತ್ತರ ಹೆಚ್ಚುಕಡಿಮೆ ಒಂದೇ ಇರುತ್ತದಲ್ಲ, ಆಗ ಎರಡರ ದೂರದ ವ್ಯತ್ಯಾಸ ಬದಲಾಗುವುದಿಲ್ಲ. ಶಾಲೆಯ ಸಭಾಂಗಣದಲ್ಲಿ ಉದ್ದುದ್ದ ಕಾಲಂ ಸ್ಪೀಕರನ್ನು ನಿಲ್ಲಿಸುವುದೂ ಇದಕ್ಕೇ, ಮಲಗಿಸಿದರೆ ಕೆಟ್ಟಿತು. ನಾನು ಮೇಲಿನ ಪೆಟ್ಟಿಗೆಯನ್ನು ತಲೆಕೆಳಗು ಮಾಡಿದೆ, ಎರಡರ ಟ್ವೀಟರ್‌ಗಳೂ (ಕೀಚಲು ಶಬ್ದ ಹೊರಡಿಸುವ ಪುಟ್ಟ ಸ್ಪೀಕರ್‌ಗಳು) ಹತ್ತಿರ ಬರಲಿ ಅಂತ. ಪೆಟ್ಟಿಗೆಗಳನ್ನು ಅಮ್ಮನ ಕಿವಿಯ ಕಡೆಗೆ ಸ್ವಲ್ಪ ಹಿಂದಕ್ಕೆ ವಾಲಿಸಿದ್ದೂ ಆಯಿತು.

ಎದ್ದು ನಿಂತರೆ ಈಗಲೂ ಮಾತು ಸ್ವಲ್ಪ ಮಸುಕಾಗುತ್ತದೆ, ಅದೇ ಲೆಕ್ಕ, ಅಡ್ಡದ ಬದಲು ಎತ್ತರಕ್ಕೆ. ಯಾರು ನಿಂತುಕೊಂಡು ಸಿನಿಮಾ ನೋಡುತ್ತಾರೆ? ಪೆಟ್ಟಿಗೆ ಒಂದರ ಮೇಲೊಂದು ಕೂತದ್ದಕ್ಕೆ ಟಿವಿಯನ್ನು ಒಂದು ಗೇಣು ಮೇಲೆ ಏರಿಸಬೇಕಾಯಿತು, ಗೋಡೆಯಲ್ಲಿ ಹಳೆಯ ನಾಲ್ಕು ತೂತು ಹಾಗೇ ಇವೆ.