ಭಿನ್ನತೆಯನ್ನು ಒಪ್ಪಿಕೊಂಡರೆ ಸಮಾನತೆಗೆ ಧಕ್ಕೆ ಬರುತ್ತದೆಯೇ?

ಪ್ರಶ್ನೆ: ಎಲ್ಲ ಮನುಷ್ಯರೂ ಸಮಾನರು ಎನ್ನುತ್ತೇವೆ. ಆದರೆ ಗಂಡು ಹೆಣ್ಣಿನ ನಡುವೆ, ಬೇರೆ ಬೇರೆ ಜನಸಮುದಾಯಗಳ ನಡುವೆ ಹುಟ್ಟಿನಿಂದಲೇ ಬಂದ ವ್ಯತ್ಯಾಸಗಳಿವೆ ಎಂದು ವಿಜ್ಞಾನ ಹೇಳುತ್ತದೆ. ಈ ಎರಡನ್ನೂ ಒಟ್ಟಿಗೆ ಒಪ್ಪುವುದು ಹೇಗೆ?

ಉತ್ತರ: ಸಮಾನತೆ ಎಂಬ ಒಂದೇ ಪದವನ್ನು ಎರಡು ಅರ್ಥಗಳಲ್ಲಿ ಬಳಸುವುದರಿಂದ ಈ ತೊಡಕು ಹುಟ್ಟುತ್ತದೆ. ಇಬ್ಬರು ಒಂದೇ ತೆರನಾಗಿದ್ದಾರೆಯೇ ಎಂಬುದನ್ನು ಅಳೆದು ನೋಡಿ ಹೇಳಬೇಕು. ಇಬ್ಬರನ್ನೂ ಸಮಾನವಾಗಿ ಕಾಣಬೇಕೆಂಬುದು ಮನುಷ್ಯರು ತಮ್ಮೊಳಗೆ ಮಾಡಿಕೊಂಡ ನಿರ್ಧಾರ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಮೊದಲ ವಿಧಿಯು ಎಲ್ಲರೂ ಘನತೆಯಲ್ಲಿ ಮತ್ತು ಹಕ್ಕುಗಳಲ್ಲಿ ಸಮಾನರು ಎನ್ನುತ್ತದೆಯೇ ಹೊರತು ಎತ್ತರದಲ್ಲೋ ಕಸುವಿನಲ್ಲೋ ಸಮಾನರು ಎನ್ನುವುದಿಲ್ಲ. ಹಾಗಾಗಿ ಯಾವ ಅಳತೆಯಿಂದಲೂ ಆ ವಿಧಿಯನ್ನು ಸುಳ್ಳೆಂದು ತೋರಿಸಲು ಬರುವುದಿಲ್ಲ.

ವ್ಯತ್ಯಾಸವನ್ನು ಕಂಡೂ ಕಾಣದಂತಿರುವುದೇ ನ್ಯಾಯವೆಂದು ನಂಬುವವರಿದ್ದಾರೆ. ಅವರ ಉದ್ದೇಶ ಒಳ್ಳೆಯದಾದರೂ ಪರಿಣಾಮ ಯಾವಾಗಲೂ ಒಳ್ಳೆಯದಲ್ಲ. ಜೋಲ್ಪಿಡೆಮ್ ಎಂಬ ನಿದ್ರೆಯ ಔಷಧವು ಹೆಂಗಸರ ದೇಹದಿಂದ ನಿಧಾನವಾಗಿ ಹೊರಹೋಗುವುದರಿಂದ, ಬೆಳಿಗ್ಗೆ ವಾಹನ ಓಡಿಸುವುದು ಅಪಾಯಕಾರಿಯಾಗುವಷ್ಟು ಮಂಪರು ಉಳಿಯಬಹುದೆಂದು ಕಂಡುಕೊಂಡ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2013ರಲ್ಲಿ ಅವರಿಗೆ ಸೂಚಿಸುವ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿತು. ಅಲ್ಲಿಯವರೆಗೆ ಗಂಡಸರಿಗೂ ಹೆಂಗಸರಿಗೂ ಒಂದೇ ಪ್ರಮಾಣವಿತ್ತು. ನೋಡುವುದಕ್ಕೆ ಅದೂ ಸಮಾನತೆಯೇ.

ಗುಂಪಿನ ಸರಾಸರಿಯಿಂದ ಒಬ್ಬ ವ್ಯಕ್ತಿಯ ಬಗೆಗೆ ತೀರ್ಪು ಕೊಡಲಾಗದು ಎಂಬುದನ್ನೂ ನೆನಪಿಡಬೇಕು. ಮನುಷ್ಯರ ತಳಿವೈವಿಧ್ಯದಲ್ಲಿ ಸುಮಾರು ಶೇ. 85ರಷ್ಟು ಒಂದೊಂದು ಜನಸಮುದಾಯದ ಒಳಗೇ ಇದೆ ಎಂದು ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ 1972ರಲ್ಲಿ ಲೆಕ್ಕಹಾಕಿ ತೋರಿಸಿದರು. ಭಾರ ಎತ್ತುವ ಕೆಲಸಕ್ಕೆ ಆಳು ಬೇಕಾದರೆ ಬಂದವರಿಂದ ಭಾರ ಎತ್ತಿಸಿ ನೋಡಿದರಾಯಿತು, ಅವರ ಗುಂಪಿನ ಸರಾಸರಿಯನ್ನು ವಿಚಾರಿಸಬೇಕಾದದ್ದೇನಿದೆ?

ಇನ್ನು 'ನೈಸರ್ಗಿಕ' ಎಂಬ ಮಾತು ಬಂದಾಗಲೆಲ್ಲ ಸ್ವಲ್ಪ ಅನುಮಾನ ಇಟ್ಟುಕೊಳ್ಳುವುದು ಲೇಸು. 1928ರ ಆಮ್ಸ್ಟರ್ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರು ಮೊದಲ ಬಾರಿಗೆ 800 ಮೀಟರ್ ಓಡಿದರು. ಓಟದ ಕೊನೆಗೆ ಕಂಡ ದಣಿವನ್ನು ಪತ್ರಿಕೆಗಳು ಹಿಗ್ಗಿಸಿ ಬರೆದವು, ಹೆಣ್ಣಿನ ದೇಹಕ್ಕೆ ಇಷ್ಟು ದೂರ ಸಲ್ಲದು ಎಂಬ ವಾದ ಗೆದ್ದಿತು, ಮತ್ತು ಆ ಓಟವು ಒಲಿಂಪಿಕ್ಸ್‌ಗೆ ಮರಳಿದ್ದು 1960ರಲ್ಲಿ. (ಗಂಡಸರೂ ಓಡಿ ದಣಿಯುತ್ತಾರೆ; ಅದನ್ನು ಯಾರೂ ಗಂಡಿನ ಸ್ವಭಾವವೆಂದು ಬರೆಯಲಿಲ್ಲ.) ಒಲಿಂಪಿಕ್ಸ್‌ನಲ್ಲಿ ಹೆಂಗಸರ ಮ್ಯಾರಥಾನ್‌ಗೆ ಅವಕಾಶ ಸಿಗಲು 1984ರವರೆಗೆ ಕಾಯಬೇಕಾಯಿತು. ಆ ವರ್ಷ ಜೋನ್ ಬೆನಾಯ್ಟ್ 2 ಗಂಟೆ 24 ನಿಮಿಷ 52 ಸೆಕೆಂಡುಗಳಲ್ಲಿ ಓಡಿ ಚಿನ್ನ ಗೆದ್ದರು; 1948ರಲ್ಲಿ ಪುರುಷರ ಚಿನ್ನ ಗೆದ್ದ ಡೆಲ್ಫೊ ಕಬ್ರೆರಾ ತೆಗೆದುಕೊಂಡ ಸಮಯಕ್ಕಿಂತ ಅದು ಸುಮಾರು ಹತ್ತು ನಿಮಿಷ ಕಡಿಮೆ. ಅದೇ 1984ರಲ್ಲಿ ಪುರುಷರ ಓಟ ಗೆದ್ದ ಕಾರ್ಲೊಸ್ ಲೋಪೆಸ್ ಅವರ ಸಮಯ 2 ಗಂಟೆ 9 ನಿಮಿಷ 21 ಸೆಕೆಂಡು. ಅಂತರ ಇದ್ದೇ ಇದೆ, ಅದಕ್ಕೆಂದೇ ಸ್ಪರ್ಧೆಗಳು ಬೇರೆ ಬೇರೆ. ಆದರೆ ಹದಿನೈದೂವರೆ ನಿಮಿಷದ ಆ ಅಂತರವು ನಿಜಕ್ಕೂ ಎಷ್ಟೆಂದು ಅಳೆಯಲು ಸಾಧ್ಯವಾದದ್ದು, ಹೆಂಗಸರನ್ನು ಓಡಲು ಬಿಟ್ಟ ಮೇಲೆಯೇ.