ಉಪ್ಪಿನ ಪ್ಯಾಕೆಟ್ ಎಷ್ಟು ದಿನ ಬರುತ್ತೆ?

"ಡಾಕ್ಟ್ರೇ, ಬೆಳ್ಳುಳ್ಳಿ, ಶುಂಠಿ, ನಿಂಬೆರಸ ಕುದಿಸಿ ಜೇನು ಹಾಕಿ ಕುಡಿದ್ರೆ ಹಾರ್ಟ್ ಬ್ಲಾಕ್ ಕರಗುತ್ತಂತೆ, ಹೌದಾ?" ವಾರಕ್ಕೆ ಒಬ್ಬರಾದರೂ ವಾಟ್ಸಾಪ್ ತೆರೆದು ತೋರಿಸುತ್ತಾರೆ. ಕರಗುವುದಿಲ್ಲ. ಬ್ಲಾಕ್ ಅಂದರೆ ಸಿಂಕಿನ ಪೈಪಿಗೆ ಅಂಟಿದ ಜಿಡ್ಡಲ್ಲ. ರಕ್ತನಾಳದ ಗೋಡೆಯೊಳಗೇ ಕೊಬ್ಬು, ಕ್ಯಾಲ್ಸಿಯಂ ಸೇರಿ ವರ್ಷಗಟ್ಟಲೆ ಬೆಳೆದದ್ದು. ಬೆಳ್ಳುಳ್ಳಿಯನ್ನು ಸಾರಿನ ಒಗ್ಗರಣೆಗೆ ಹಾಕಿ, ಯಾರು ಬೇಡ ಅಂದರು? ಕಷಾಯ ನಂಬಿ ಮಾತ್ರೆ ಮಾತ್ರ ಬಿಡಬೇಡಿ.

ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮನೆಗೆ ಒಂದು ಕೆಜಿ ಉಪ್ಪು ಎಷ್ಟು ದಿನ ಬರುತ್ತೆ?

ಬಿಪಿಗೆಂದು ಬರುವ ಒಬ್ಬ ಅಮ್ಮ "ತಿಂಗಳಿಗೊಂದು ಪ್ಯಾಕೆಟ್" ಅಂದರು. ಮನೆಯಲ್ಲಿ ಇರುವುದು ಮೂವರು. ಅಲ್ಲೇ ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಒಬ್ಬೊಬ್ಬರಿಗೆ ದಿನಕ್ಕೆ 11 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು 5 ಗ್ರಾಂಗಿಂತ ಕಡಿಮೆ, ಅಂದರೆ ತಲೆ ತಟ್ಟಿದ ಒಂದು ಟೀ ಚಮಚದಷ್ಟು. ಆ ಲೆಕ್ಕಕ್ಕೆ ಅವರ ಪ್ಯಾಕೆಟ್ ಎರಡು ತಿಂಗಳು ದಾಟಬೇಕಿತ್ತು. "ನಾನು ಹುಳಿಗೆ ಕಮ್ಮೀನೇ ಹಾಕೋದು" ಅಂತ ಬೇಜಾರು ಮಾಡಿಕೊಂಡರು. ಅದು ಸುಳ್ಳೇನಲ್ಲ. ಹುಳಿಗೆ ಕಮ್ಮಿ, ಪಲ್ಯಕ್ಕೆ ಕಮ್ಮಿ, ಚಟ್ನಿಗೆ, ಚಪಾತಿ ಹಿಟ್ಟಿಗೆ, ಮಜ್ಜಿಗೆಗೆ ಎಲ್ಲಕ್ಕೂ ಕಮ್ಮಿ. ಕೂಡಿಸಿದರೆ ಜಾಸ್ತಿ. ಉಪ್ಪಿನಕಾಯಿಗೆ ಸುರಿದ ಕಲ್ಲುಪ್ಪು ಈ ಲೆಕ್ಕಕ್ಕೆ ಸೇರೇ ಇಲ್ಲ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರಲ್ಲ, ದೇಹದಲ್ಲಿ ಆಗುವುದೂ ಅದೇ. ಉಪ್ಪಿನಲ್ಲಿರುವ ಸೋಡಿಯಂ ಇದ್ದಲ್ಲಿ ನೀರು ನಿಲ್ಲುತ್ತದೆ. ನಾಳದಲ್ಲಿ ಹರಿಯುವ ರಕ್ತ ಹೆಚ್ಚುತ್ತದೆ, ಒತ್ತಡ ಏರುತ್ತದೆ. ಹಗಲೂ ರಾತ್ರಿ ಆ ಒತ್ತಡ ತಿಂದ ನಾಳದ ಒಳಪದರ ಸವೆಯುತ್ತದೆ, ಗೋಡೆ ಪೆಡಸಾಗುತ್ತದೆ. ಕೊಬ್ಬು ಒಳಗೆ ನುಸುಳುವುದು ಇಂಥ ಜಾಗದಲ್ಲೇ. ಬೀಡಿ ಸಿಗರೇಟು ಸೇದುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಇದು ಇನ್ನೂ ಬೇಗ.

ಕಡಿಮೆ ಮಾಡುವುದು ಹೇಗೆ? ಅನ್ನ, ಮುದ್ದೆಗೆ ನಮ್ಮಲ್ಲಿ ಹೆಚ್ಚಿನವರು ಉಪ್ಪು ಹಾಕುವುದಿಲ್ಲ, ಯಾರೂ ಗೊಣಗಿಲ್ಲ. ಚಪಾತಿ ಹಿಟ್ಟಿಗೂ ಬಿಟ್ಟುಬಿಡಿ, ಪಕ್ಕದಲ್ಲಿ ಪಲ್ಯ ಇರುತ್ತದಲ್ವಾ. ಮಜ್ಜಿಗೆಗೆ ಶುಂಠಿ, ಕೊತ್ತಂಬರಿ, ಇಂಗು ಸಾಕು. ಹಪ್ಪಳದಲ್ಲಿ ಉಪ್ಪಿನ ಜೊತೆ ಸೋಡಾ ಕೂಡ ಇರುತ್ತದೆ, ಅದೂ ಸೋಡಿಯಂ. ಬೇಕರಿ ಬನ್ನು ನಾಲಿಗೆಗೆ ಸಿಹಿ, ಒಳಗೆ ಉಪ್ಪಿದೆ. ಒಂದೇ ಸಲ ಅರ್ಧಕ್ಕೆ ಇಳಿಸಿದರೆ ಮನೆಯಲ್ಲಿ ಜಗಳ. ಸ್ವಲ್ಪ ಸ್ವಲ್ಪವೇ ಇಳಿಸಿ, ಕೆಲವು ವಾರಗಳಲ್ಲಿ ನಾಲಿಗೆ ಒಗ್ಗುತ್ತದೆ. ಆಮೇಲೆ ಹೋಟೆಲ್ ಸಾಂಬಾರೇ ಉಪ್ಪುಪ್ಪು ಅನಿಸುತ್ತದೆ.

ಸೈಂಧವ ಲವಣ ಒಳ್ಳೇದಂತೆ ಅಂತ ದುಪ್ಪಟ್ಟು ದುಡ್ಡು ಕೊಡುವವರಿದ್ದಾರೆ. ಬಣ್ಣ ಗುಲಾಬಿ, ಒಳಗೆ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ಅಯೋಡಿನ್ ಬೇರೆ ತಪ್ಪಿಹೋಗುತ್ತದೆ. ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪಿನದು ಬೇರೆ ಕತೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ಅದನ್ನು ಪರೀಕ್ಷಿಸಿದರು. 2021ರಲ್ಲಿ ಫಲಿತಾಂಶ ಬಂತು, ಮಾಮೂಲಿ ಉಪ್ಪು ತಿಂದವರಿಗಿಂತ ಪಾರ್ಶ್ವವಾಯು 14% ಕಡಿಮೆಯಾಗಿತ್ತು. ಆದರೆ ಕಿಡ್ನಿ ತೊಂದರೆ ಇರುವವರು, ಟೆಲ್ಮಿಸಾರ್ಟಾನ್ ತರಹದ ಬಿಪಿ ಮಾತ್ರೆ ತಗೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬೇಡಿ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಎದೆಬಡಿತವೇ ತಾಳ ತಪ್ಪುತ್ತದೆ.

ಆ ಅಮ್ಮ ಮೊನ್ನೆ ಮತ್ತೆ ಬಂದಿದ್ದರು. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಲ್ಲಿ ತಾರೀಖು ಬರೆದಿದ್ದರಂತೆ. 47 ದಿನ ಬಂತು ಅಂದರು. ಬಿಪಿ ಸ್ವಲ್ಪ ಇಳಿದಿತ್ತು, ಮಾತ್ರೆ ಹಾಗೇ ಇರಲಿ ಅಂದೆ. ಉಪ್ಪಿನಕಾಯಿ ಭರಣಿಯನ್ನು ಅಟ್ಟಕ್ಕೆ ಏರಿಸಿದ್ದಕ್ಕೆ ಯಜಮಾನರು ಇನ್ನೂ ಮುನಿಸಿಕೊಂಡಿದ್ದಾರಂತೆ.