ಕರಾವಳಿಯ ಹ್ಯಾಮ್‌ಗೆ ಎಂಥ ಲೀನಿಯರ್?

ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೋದವರು. ಅವರ 100 ವಾಟ್‌ನ ರಿಗ್‌ಗೆ (ರೇಡಿಯೋ ಸೆಟ್) 400 ವಾಟ್‌ನ ಲೀನಿಯರ್ ಆಂಪ್ಲಿಫೈಯರ್, ಅಂದರೆ ಸಿಗ್ನಲ್ಲಿನ ಶಕ್ತಿ ಹೆಚ್ಚಿಸುವ ಪೆಟ್ಟಿಗೆ, ಜೋಡಿಸಿದರೆ ಸಿಗುವ ಹೆಚ್ಚಳ 6 ಡೆಸಿಬೆಲ್. ಅತ್ತ ಕೇಳುವವರ ಎಸ್-ಮೀಟರಿನಲ್ಲಿ (ಸಿಗ್ನಲ್ ಬಲ ತೋರಿಸುವ ಮೀಟರ್) ಮುಳ್ಳು ಒಂದು ಯೂನಿಟ್ ಮೇಲೇರುತ್ತದೆ, ಅಷ್ಟೇ. ಭಾರತದ ಜನರಲ್ ದರ್ಜೆಯ ಹ್ಯಾಮ್ ಲೈಸೆನ್ಸಿಗೆ ಎಚ್‌ಎಫ್‌ನಲ್ಲಿ (3ರಿಂದ 30 ಮೆಗಾಹರ್ಟ್ಸ್) 400 ವಾಟೇ ಮಿತಿ. ರಿಸ್ಟ್ರಿಕ್ಟೆಡ್ ದರ್ಜೆಯವರಿಗೆ ಮಿತಿ 50 ವಾಟ್. ಅವರಿಗೆ ಲೀನಿಯರ್‌ನ ಗೊಡವೆಯೇ ಇಲ್ಲ.

ದುಡ್ಡು ಬಿಚ್ಚುವ ಮೊದಲು ಕೇಬಲ್ ನೋಡಿ. ತೆಂಗಿನ ಮರಗಳ ನಡುವೆ ಕಟ್ಟಿದ ಡೈಪೋಲಿಗೆ (ತಂತಿಯ ಆಂಟೆನಾ) 30 ಮೀಟರ್ ಆರ್‌ಜಿ-58 ಎಂಬ ತೆಳ್ಳಗಿನ ಕೇಬಲ್ ಎಳೆದಿದ್ದರೆ 28 ಮೆಗಾಹರ್ಟ್ಸ್‌ನಲ್ಲಿ ಸುಮಾರು ಎರಡೂವರೆ ಡೆಸಿಬೆಲ್, ಅಂದರೆ ಶೇಕಡಾ 40ಕ್ಕೂ ಹೆಚ್ಚು ಶಕ್ತಿ, ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ. ದಪ್ಪನೆಯ ಆರ್‌ಜಿ-213 ಕೇಬಲಿನಲ್ಲಿ ನಷ್ಟ ಒಂದು ಡೆಸಿಬೆಲ್ ಆಸುಪಾಸು.

ಇನ್ನು ಪೆಟ್ಟಿಗೆಯ ಮೇಲೆ ಬರೆದ ವಾಟ್ ಯಾವ ಮೋಡಿನದ್ದು (ಸಿಗ್ನಲ್ ಕಳಿಸುವ ವಿಧಾನ) ಎಂದು ಕೇಳಿ. ಧ್ವನಿಗೆ ಬಳಸುವ ಎಸ್‌ಎಸ್‌ಬಿ ಮೋಡಿನ ಮಾತಿನಲ್ಲಿ ಸರಾಸರಿ ಶಕ್ತಿ ಕಡಿಮೆ. ಕಂಪ್ಯೂಟರ್ ಮೂಲಕ ಕಿರು ಸಂದೇಶ ಕಳಿಸುವ ಎಫ್‌ಟಿ8 ಮೋಡಿನಲ್ಲಾದರೆ 15 ಸೆಕೆಂಡಿನ ಸರದಿಯಲ್ಲಿ 12.6 ಸೆಕೆಂಡ್ ಬಿಡುವಿಲ್ಲದೆ ಪೂರ್ಣ ಶಕ್ತಿ. ಏಪ್ರಿಲ್-ಮೇ ಸೆಕೆಯಲ್ಲಿ ಹೀಟ್‌ಸಿಂಕ್ (ಶಾಖ ಹೊರಹಾಕುವ ಲೋಹದ ತುಂಡು) ತಣಿಯಲು ಸಮಯವೇ ಸಿಗದು. ದೊಡ್ಡ ಆಂಪ್ಲಿಫೈಯರನ್ನು ಮಿತಿಯೊಳಗೆ ಆರಾಮಾಗಿ ನಡೆಸುವುದು ಒಳ್ಳೆಯದು.

ಆಂಪ್ಲಿಫೈಯರ್ ಒಳಗೆ ಇರಬೇಕಾದ್ದು ವಾಲ್ವೋ (ನಿರ್ವಾತ ಕೊಳವೆ), ಎಲ್‌ಡಿಮಾಸೋ (ಹೆಚ್ಚು ಶಕ್ತಿಯ ಟ್ರಾನ್ಸಿಸ್ಟರ್)? 3-500ಝಡ್‌ನಂಥ ವಾಲ್ವಿಗೆ ಸುಮಾರು 3000 ವೋಲ್ಟ್ ಬೇಕು. ಮಲ್ಪೆ, ಉಳ್ಳಾಲದ ಕಡಲ ಗಾಳಿಯ ಉಪ್ಪು ಧೂಳಿನ ಜೊತೆ ಇನ್ಸುಲೇಟರ್ ಮೇಲೆ ಕೂತು, ಮಳೆಗಾಲದ ತೇವ ಸೇರಿದರೆ ಅಲ್ಲೇ ಕಿಡಿ ಹಾರುತ್ತದೆ. ಕಡಲ ಬದಿಯಲ್ಲಿ 50 ವೋಲ್ಟಿನ ಎಲ್‌ಡಿಮಾಸೇ ವಾಸಿ. ಆದರೆ ಡ್ರೈವ್ (ರಿಗ್ಗಿನಿಂದ ಒಳಬರುವ ಶಕ್ತಿ) ಹೆಚ್ಚಾದರೆ ಅದು ಕ್ಷಮಿಸುವುದಿಲ್ಲ. 20 ಡೆಸಿಬೆಲ್‌ಗೂ ಮಿಕ್ಕಿ ಗೇನ್ (ಶಕ್ತಿಯ ವರ್ಧನೆ) ಇರುವುದರಿಂದ ಬರಿಯ ಬೋರ್ಡಿಗೆ ಕೆಲವೇ ವಾಟ್ ಸಾಕು. ರಿಗ್ಗಿನಲ್ಲಿ 5 ವಾಟ್ ಇಟ್ಟರಾಯಿತು ಎಂದುಕೊಳ್ಳಬೇಡಿ: ಎಷ್ಟೋ ರಿಗ್‌ಗಳು ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿದ ಕ್ಷಣ ಒಮ್ಮೆ ಅದಕ್ಕಿಂತ ಬಹಳ ಹೆಚ್ಚು ಶಕ್ತಿ ಹೊರಹಾಕುತ್ತವೆ. ಟ್ರಾನ್ಸಿಸ್ಟರಿನ ಗೇಟ್ (ಸಿಗ್ನಲ್ ಒಳಹೋಗುವ ತುದಿ) ಸುಡಲು ಅಷ್ಟು ಸಾಕು. ನಡುವೆ 13 ಡೆಸಿಬೆಲ್ ಅಟೆನ್ಯುಯೇಟರ್ (ಶಕ್ತಿ ತಗ್ಗಿಸುವ ಸಾಧನ) ಇಟ್ಟರೆ 100 ವಾಟ್ 5 ವಾಟ್ ಆಗುತ್ತದೆ. ಉಳಿದ 95 ವಾಟ್ ಶಾಖವನ್ನು ಅದು ತಡೆದುಕೊಳ್ಳುವಂತಿರಬೇಕು.

ಅಗ್ಗದ ಮಾಸ್‌ಫೆಟ್ (ಟ್ರಾನ್ಸಿಸ್ಟರ್) ಬೋರ್ಡುಗಳಲ್ಲಿ ಬೇಡದ ಮೇಲಿನ ಫ್ರೀಕ್ವೆನ್ಸಿಗಳನ್ನು ತಡೆಯುವ ಲೋ-ಪಾಸ್ ಫಿಲ್ಟರ್ ಎಷ್ಟೋ ಸಲ ಇರುವುದೇ ಇಲ್ಲ. ಎರಡು ಟ್ರಾನ್ಸಿಸ್ಟರ್ ಸರದಿಯಲ್ಲಿ ದುಡಿಯುವ ಪುಶ್-ಪುಲ್ ಜೋಡಣೆ ಎರಡನೆಯ ಹಾರ್ಮೋನಿಕನ್ನು (ಮೂಲ ಫ್ರೀಕ್ವೆನ್ಸಿಯ ಎರಡರಷ್ಟರಲ್ಲಿ ಹುಟ್ಟುವ ಬೇಡದ ಸಿಗ್ನಲ್) ತಗ್ಗಿಸಿದರೂ ಮೂರನೆಯದು ಉಳಿಯುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತ 21ರಲ್ಲೂ ಕೂಗಿದಂತೆ! ಬ್ಯಾಂಡಿಗೆ ತಕ್ಕ ಫಿಲ್ಟರ್ ಇಲ್ಲದ್ದನ್ನು ಪುಕ್ಕಟೆ ಕೊಟ್ಟರೂ ಆಂಟೆನಾಗೆ ಜೋಡಿಸಬಾರದು.

400 ವಾಟ್ ಹೊರಬರಲು ಒಳಗೆ ಸುಮಾರು 800 ವಾಟ್ ಬೇಕು. 13.8 ವೋಲ್ಟಿನಲ್ಲಿ ಅದು 58 ಆಂಪಿಯರ್. ತಂತಿಯಲ್ಲಿ ಬರೀ 0.02 ಓಮ್ ಇದ್ದರೂ ಒಂದು ವೋಲ್ಟಿಗಿಂತ ಹೆಚ್ಚು ಕುಸಿದು ಧ್ವನಿ ಅಕ್ಕಪಕ್ಕದ ಫ್ರೀಕ್ವೆನ್ಸಿಗೆ ಚೆಲ್ಲುತ್ತದೆ. 50 ವೋಲ್ಟಿನಲ್ಲಾದರೆ 16 ಆಂಪಿಯರ್ ಮಾತ್ರ.

ಜೂನ್‌ನಲ್ಲಿ ಆಂಪ್ಲಿಫೈಯರ್ ಪದೇಪದೇ ಟ್ರಿಪ್ ಆದರೆ (ತಾನಾಗಿ ಆಫ್ ಆದರೆ) ಮೊದಲು ಅದನ್ನು ಬಿಚ್ಚಬೇಡಿ. ಆಂಟೆನಾ ತುದಿಯ ಪಿಎಲ್-259 ಕನೆಕ್ಟರ್ ಬಿಚ್ಚಿ: ಕೋಆಕ್ಸ್ ಕೇಬಲಿನ ತಾಮ್ರದ ಹೆಣಿಗೆ ಹಸಿರುಗಟ್ಟಿದ್ದರೆ ನೀರು ಇಳಿದಿದೆ. ಹೆಣಿಗೆ ಹೊಳೆಯುವವರೆಗೆ ಕೇಬಲ್ ಕತ್ತರಿಸಿ, ಹೊಸ ಕನೆಕ್ಟರ್ ಬೆಸೆದು, ಸೆಲ್ಫ್-ಅಮಾಲ್ಗಮೇಟಿಂಗ್ ಟೇಪ್ (ತನಗೆ ತಾನೇ ಬೆಸೆದುಕೊಂಡು ನೀರು ತಡೆಯುವ ಟೇಪ್) ಸುತ್ತಿ, 10 ವಾಟಿನಲ್ಲಿ ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಶಕ್ತಿ ಎಷ್ಟು ವಾಪಸ್ ಬರುತ್ತಿದೆ ಎಂದು ತಿಳಿಸುವ ಅಳತೆ) ನೋಡಿಯೇ ಲೀನಿಯರ್ ಆನ್ ಮಾಡಿ.